ಸಿಕ್ಕಿಂನ ಆರು ಲಕ್ಷ ಜನ: ಯಾರು, ಯಾವ ನುಡಿಯವರು, ಯಾವ ಪಟ್ಟಿಯವರು?

ಪ್ರಶ್ನೆ: ನಮ್ಮ ಕಚೇರಿಗೆ ಹೊಸದಾಗಿ ಸೇರಿದ ಸಹೋದ್ಯೋಗಿಯ ಹೆಸರಿನ ಕೊನೆಯಲ್ಲಿ ‘ರೈ’ ಎಂದಿತ್ತು. ಪುತ್ತೂರು ಕಡೆಯವರಿರಬೇಕು ಎಂದುಕೊಂಡು ತುಳುವಿನಲ್ಲಿ ಮಾತನಾಡಿಸಿದೆ. ಅವರು ನಕ್ಕು, ತಾವು ಸಿಕ್ಕಿಂನವರು, ಮನೆಮಾತು ನೇಪಾಳಿ ಎಂದರು. ಹಾಗಾದರೆ ಅವರ ಹಿರಿಯರು ನೇಪಾಳದಿಂದ ವಲಸೆ ಬಂದವರೇ? ಸಿಕ್ಕಿಂನ ಮೂಲನಿವಾಸಿಗಳು ಯಾರು, ‘ಸಿಕ್ಕಿಮೀ’ ಎಂಬ ಭಾಷೆ ಇದೆಯೇ? ಹುಡುಕಿ ನೋಡಿದರೆ ಅಲ್ಲಿನ ಪರಿಶಿಷ್ಟ ಪಂಗಡದವರ ಪ್ರಮಾಣ ಒಂದು ಕಡೆ ಶೇ 20, ಇನ್ನೊಂದು ಕಡೆ ಶೇ 34 ಎಂದು ಕಂಡಿತು. ಯಾವುದು ಸರಿ? – ಓದುಗರೊಬ್ಬರು, ಬೆಂಗಳೂರು

ಉತ್ತರ: ಎರಡೂ ಸರಿ. ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದನ್ನು ಬಿಡಿಸಿದರೆ ಉಳಿದವುಗಳ ಅರ್ಧ ಕೆಲಸ ಮುಗಿಯುತ್ತದೆ.

2001ರ ಜನಗಣತಿಯಲ್ಲಿ ಸಿಕ್ಕಿಂನ ಜನಸಂಖ್ಯೆ 5,40,851. ಅವರಲ್ಲಿ ಪರಿಶಿಷ್ಟ ಪಂಗಡದವರು ಶೇ 20.6. 2011ರಲ್ಲಿ ಜನಸಂಖ್ಯೆ 6,10,577, ಪಂಗಡದವರು ಶೇ 33.8. ಈಗ ಕೂಡಿ ಕಳೆದು ನೋಡಿ. ಹತ್ತು ವರ್ಷಗಳಲ್ಲಿ ಇಡೀ ರಾಜ್ಯದಲ್ಲಿ ಹೆಚ್ಚಿದವರು ಸುಮಾರು 70 ಸಾವಿರ. ಪರಿಶಿಷ್ಟ ಪಂಗಡಗಳಲ್ಲಿ ಮಾತ್ರ ಹೆಚ್ಚಿದವರು ಸುಮಾರು 95 ಸಾವಿರ! ಒಟ್ಟು ಬೆಳೆದದ್ದಕ್ಕಿಂತ ಅದರ ಒಂದು ಭಾಗ ಹೆಚ್ಚು ಬೆಳೆಯಿತು ಎಂದರೆ ಆ ಹೆಚ್ಚಳ ತೊಟ್ಟಿಲಿನಿಂದ ಬಂದದ್ದಲ್ಲ, ಗೆಜೆಟ್‌ನಿಂದ ಬಂದದ್ದು. 1978ರ ಆದೇಶದ ಪ್ರಕಾರ ಸಿಕ್ಕಿಂನಲ್ಲಿ ಪರಿಶಿಷ್ಟ ಪಂಗಡಗಳೆಂದರೆ ಭುಟಿಯಾ ಮತ್ತು ಲೆಪ್ಚಾ ಎರಡೇ. 2002ರ ತಿದ್ದುಪಡಿ ಕಾಯ್ದೆ ಲಿಂಬು ಮತ್ತು ತಮಾಂಗ್ ಸಮುದಾಯಗಳನ್ನು ಪಟ್ಟಿಗೆ ಸೇರಿಸಿತು. 2011ರ ಎಣಿಕೆಯಲ್ಲಿ ಲಿಂಬುಗಳು ಸುಮಾರು 54 ಸಾವಿರ, ತಮಾಂಗರು ಸುಮಾರು 38 ಸಾವಿರ. ಇಬ್ಬರನ್ನೂ ಕೂಡಿಸಿದರೆ ಆ ಹೆಚ್ಚಳ ಬಹುಮಟ್ಟಿಗೆ ಅಲ್ಲೇ ಸಿಕ್ಕಿಬಿಡುತ್ತದೆ.

ಸಿಕ್ಕಿಂ ಬಗ್ಗೆ ಯಾವ ಅಂಕಿ ಕಂಡರೂ ನಾನು ಮೊದಲು ಕೇಳುವುದು ಇದನ್ನು: ಇವರನ್ನು ಯಾವ ಹೆಸರಿನಲ್ಲಿ, ಯಾವ ಉದ್ದೇಶಕ್ಕೆ ಎಣಿಸಿದ್ದಾರೆ? ಜನಾಂಗ, ತಾಯ್ನುಡಿ, ಧರ್ಮ ಈ ಮೂರೂ ಅಲ್ಲಿ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಪಟ್ಟಿಯೊಳಗಿನ ಹೆಸರುಗಳೂ ಹಾಗೆಯೇ. 1978ರ ಆದೇಶದಲ್ಲಿ ‘ಭುಟಿಯಾ’ ಎಂಬ ಒಂದು ಹೆಸರಿನಡಿ ಶೆರ್ಪಾ, ಟಿಬೆಟನ್, ಯೋಲ್ಮೊ, ಕಾಗತೆ, ಡುಕ್ಪಾ ಮುಂತಾದ ಹಲವರನ್ನು ತುಂಬಲಾಗಿದೆ. ಊರಿನಲ್ಲಿ ಶೆರ್ಪಾನನ್ನು ಕೇಳಿದರೆ ತಾನು ಶೆರ್ಪಾ ಎನ್ನುತ್ತಾನೆ. ಕಚೇರಿಯ ಕಡತದಲ್ಲಿ ಅವನು ಭುಟಿಯಾ.

ಇನ್ನು ಮೂಲನಿವಾಸಿಗಳ ಪ್ರಶ್ನೆ. ನೆನಪಿಗೆ ನಿಲುಕುವ ಕಾಲದಿಂದ ಅಲ್ಲಿರುವವರು ಲೆಪ್ಚಾಗಳು ಎಂಬುದರಲ್ಲಿ ಹೆಚ್ಚು ತಕರಾರಿಲ್ಲ. ಅವರು ತಮ್ಮನ್ನು ರೋಂಗ್ ಎಂದು ಕರೆದುಕೊಳ್ಳುತ್ತಾರೆ. ಕಾಂಚನಜುಂಗಾದ ಮಗ್ಗುಲಿನ ಜೋಂಗು ಪ್ರದೇಶ ಇಂದಿಗೂ ಲೆಪ್ಚಾಗಳಿಗೆಂದೇ ಮೀಸಲು. ಹೊರಗಿನವರು ಅನುಮತಿ ಪತ್ರವಿಲ್ಲದೆ ಒಳಗೆ ಹೋಗುವಂತಿಲ್ಲ. ಪಶ್ಚಿಮದ ಇಳಿಜಾರುಗಳಲ್ಲಿ ಲಿಂಬುಗಳೂ ಹಳಬರೇ. ಆಮೇಲೆ ಟಿಬೆಟ್ಟಿನ ಕಡೆಯಿಂದ ಬಂದವರು ಭುಟಿಯಾಗಳು. ಅವರ ಹಿರಿಯ ಖ್ಯೆ ಬುಮ್ಸಾ ಮತ್ತು ಲೆಪ್ಚಾ ಹಿರಿಯ ಥೆಕೊಂಗ್ ತೆಕ್ ಕಬಿ ಎಂಬಲ್ಲಿ ರಕ್ತದ ಆಣೆಯಿಟ್ಟು ಅಣ್ಣತಮ್ಮಂದಿರಾದರು ಎಂಬ ಐತಿಹ್ಯವನ್ನು ಸಿಕ್ಕಿಂನ ಮಕ್ಕಳಿಗೆಲ್ಲ ಹೇಳಿಕೊಡುತ್ತಾರೆ. 1642ರಲ್ಲಿ ಯುಕ್ಸೊಮ್‌ನಲ್ಲಿ ಮೂವರು ಲಾಮಾಗಳು ಫುಂತ್ಸೊಗ್ ನಾಮ್ಗ್ಯಾಲ್‌ನಿಗೆ ಪಟ್ಟ ಕಟ್ಟಿದರು. ಅಂದಿನಿಂದ 1975ರವರೆಗೆ ಚೋಗ್ಯಾಲ್ ಎಂಬ ಬಿರುದಿನ ಆ ಭುಟಿಯಾ ಮನೆತನವೇ ಆಳಿತು.

ನಿಮ್ಮ ಸಹೋದ್ಯೋಗಿಯ ಹಿರಿಯರ ವಿಷಯಕ್ಕೆ ಬರುತ್ತೇನೆ. ಮೊದಲಿಗೆ ಆ ‘ರೈ’ಗೂ ಬಂಟರ ‘ರೈ’ಗೂ ಯಾವ ನಂಟೂ ಇಲ್ಲ. ಪೂರ್ವ ಹಿಮಾಲಯದ ಕಿರಾತಿ ಜನರಲ್ಲಿ ಗೋರ್ಖಾ ಅರಸರು ಊರಿನ ಮುಖಂಡರಿಗೆ ಕೊಟ್ಟ ಬಿರುದು ಅದು. ಬರಬರುತ್ತ ಸಮುದಾಯದ ಹೆಸರಾಯಿತು. ಲಿಂಬುಗಳಿಗೆ ಹೀಗೆಯೇ ಸಿಕ್ಕ ಬಿರುದು ‘ಸುಬ್ಬ’. ಅದನ್ನು ಕೇಳಿ ನಮ್ಮ ಸುಬ್ಬಣ್ಣನನ್ನು ನೆನೆದು ನಕ್ಕವರನ್ನೂ ನೋಡಿದ್ದೇನೆ.

ಹಿರಿಯರು ನೇಪಾಳದಿಂದ ಬಂದವರೇ ಎಂದರೆ, ಬಹಳ ಮನೆತನಗಳ ಮಟ್ಟಿಗೆ ಹೌದು. ಆದರೆ ಯಾವಾಗ ಎನ್ನುವುದನ್ನು ಬಿಟ್ಟು ಆ ಮಾತನ್ನು ಹೇಳಬಾರದು. ಬ್ರಿಟಿಷರು 1889ರಲ್ಲಿ ಜಾನ್ ಕ್ಲಾಡ್ ವೈಟ್ ಎಂಬ ಅಧಿಕಾರಿಯನ್ನು ಗ್ಯಾಂಗ್ಟಾಕ್‌ನಲ್ಲಿ ಕೂರಿಸಿದರು. ಕಾಡು ಕಡಿದು ಮೆಟ್ಟಿಲು ಗದ್ದೆ ಮಾಡುವ, ಕಂದಾಯ ಕಟ್ಟುವ ರೈತರು ಅವನಿಗೆ ಬೇಕಾಗಿದ್ದರು. ನೇಪಾಳಿ ಒಕ್ಕಲುಗಳಿಗೆ ಆತ ಬಾಗಿಲು ತೆರೆದ. ಅದಕ್ಕೂ ಮುನ್ನವೇ ನೇವಾರ್ ವ್ಯಾಪಾರಿಗಳು ತಾಮ್ರದ ಗಣಿ ಮತ್ತು ನಾಣ್ಯ ಟಂಕಿಸುವ ಗುತ್ತಿಗೆ ಹಿಡಿದು, ದಕ್ಷಿಣದ ಜಮೀನುಗಳಲ್ಲಿ ಒಕ್ಕಲು ನೆಲೆಸಿದ್ದರು. 1891ರ ಎಣಿಕೆಯನ್ನು ನೋಡಿ: ಒಟ್ಟು 30,458 ಜನ. ಅವರಲ್ಲಿ ಲೆಪ್ಚಾಗಳು ಸುಮಾರು 5,800, ಭುಟಿಯಾಗಳು ಐದು ಸಾವಿರಕ್ಕೆ ತುಸು ಕಡಿಮೆ, ಲಿಂಬುಗಳು ಸುಮಾರು 3,400. ಉಳಿದ ಅರ್ಧಕ್ಕಿಂತ ಹೆಚ್ಚು ಮಂದಿ ಬಹುತೇಕ ಗುರುಂಗ್, ರೈ, ತಮಾಂಗ್, ಮಗರ್, ನೇವಾರ್, ಕಾಮಿ, ಬಾಹುನ್, ಛೇತ್ರಿ ಇತ್ಯಾದಿ. ಅಂದರೆ ಮೈಸೂರಿನಲ್ಲಿ ಚಾಮರಾಜ ಒಡೆಯರು ಆಳುತ್ತಿದ್ದ ಕಾಲಕ್ಕಾಗಲೇ ಸಿಕ್ಕಿಂನಲ್ಲಿ ನೇಪಾಳಿ ಸಮುದಾಯಗಳು ಬಹುಸಂಖ್ಯಾತವಾಗಿದ್ದವು. ನಾಲ್ಕೈದು ತಲೆಮಾರು ಅಲ್ಲೇ ಮಣ್ಣು ಅಗೆದವರ ಮೊಮ್ಮಕ್ಕಳನ್ನು ವಲಸೆ ಬಂದವರು ಎಂದು ಕರೆದರೆ ಅವರಿಗೆ ಸಿಟ್ಟು ಬರುವುದು ಸಹಜ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದಿಲ್ಲ. ಜನ ಗಡಿ ದಾಟಿದಂತೆ ಗಡಿಯೂ ಜನರನ್ನು ದಾಟಿದೆ. ಇಂದಿನ ಪೂರ್ವ ನೇಪಾಳದ ಒಂದಷ್ಟು ಭಾಗ ಒಂದು ಕಾಲಕ್ಕೆ ಸಿಕ್ಕಿಂ ಅರಸರದ್ದಾಗಿತ್ತು. ಹದಿನೆಂಟನೇ ಶತಮಾನದ ಕೊನೆಯಲ್ಲಿ ಗೋರ್ಖಾ ಸೈನ್ಯ ನುಗ್ಗಿ ತೀಸ್ತಾ ನದಿಯವರೆಗೂ ಬಂತು. ಆಂಗ್ಲ–ನೇಪಾಳ ಯುದ್ಧ ಮುಗಿದು, 1817ರ ತಿತಾಲಿಯಾ ಒಪ್ಪಂದದಲ್ಲಿ ಮೆಚಿ ನದಿಯಿಂದ ಪೂರ್ವದ ನೆಲ ಮರಳಿ ಸಿಕ್ಕಿತು. 1835ರಲ್ಲಿ ಡಾರ್ಜಿಲಿಂಗ್ ಬೆಟ್ಟ ಬ್ರಿಟಿಷರ ಪಾಲಾಯಿತು. ಲಿಂಬು ರೈತನೊಬ್ಬ ತನ್ನ ಹೊಲ ಬಿಟ್ಟು ಕದಲದೆಯೇ ಒಂದು ಜೀವಮಾನದಲ್ಲಿ ಎರಡು ಮೂರು ರಾಜ್ಯಗಳ ಪ್ರಜೆಯಾಗಿರಬಹುದು. ಲಿಂಬುಗಳನ್ನು ಅರಸೊತ್ತಿಗೆಯ ಹಳೆಯ ಒಪ್ಪಂದಗಳು ಭುಟಿಯಾ, ಲೆಪ್ಚಾಗಳ ಜೊತೆ ಮೂರನೆಯ ಮೂಲ ಸಮುದಾಯವೆಂದು ಎಣಿಸಿದರೆ, ಇಪ್ಪತ್ತನೇ ಶತಮಾನದ ರಾಜಕೀಯ ‘ನೇಪಾಳಿ’ಗಳ ಗುಂಪಿಗೆ ತಳ್ಳಿತು. 2002ರ ಕಾಯ್ದೆ ಮತ್ತೆ ಬುಡಕಟ್ಟು ಎಂದಿತು. ಜನ ಅದೇ ಜನ.

‘ಸಿಕ್ಕಿಮೀ’ ಭಾಷೆ ಎಂಬ ಹೆಸರನ್ನು ಕೆಲವರು ಭುಟಿಯಾ ನುಡಿಗೆ ಬಳಸುತ್ತಾರೆ. ಅದು ಟಿಬೆಟನ್ ಗುಂಪಿಗೆ ಸೇರಿದ್ದು, ಭೂತಾನಿನ ಜೋಂಖಾಗೆ ಹತ್ತಿರ, ಬರೆಯುವುದು ಟಿಬೆಟನ್ ಲಿಪಿಯಲ್ಲಿ. ನಮ್ಮ ಬೈಲಕುಪ್ಪೆಯಲ್ಲಿ ಕೇಳಿಸುವ ಟಿಬೆಟನ್ನಿಗೂ ಇದಕ್ಕೂ ನಂಟಿದೆ, ಆದರೆ ಎರಡೂ ಒಂದೇ ಅಲ್ಲ. ಬೈಲಕುಪ್ಪೆಯವರು ಟಿಬೆಟ್ಟಿನಿಂದ ಬಂದ ನಿರಾಶ್ರಿತರು. ಭುಟಿಯಾಗಳು ಶತಮಾನಗಳಿಂದ ಸಿಕ್ಕಿಂನವರು. ಆದರೆ ರಾಜ್ಯದ ಮಾತು ಯಾವುದು ಎಂದು ಕೇಳಿದರೆ ಉತ್ತರ ನೇಪಾಳಿಯೇ. 2011ರಲ್ಲಿ ಶೇ 62.6ರಷ್ಟು ಜನ ಅದನ್ನು ತಾಯ್ನುಡಿ ಎಂದು ಬರೆಸಿದರು. ಉಳಿದವರಿಗೂ ಸಂತೆ, ಶಾಲೆ, ಟ್ಯಾಕ್ಸಿ ನಿಲ್ದಾಣದ ಭಾಷೆ ಅದೇ. ಲೆಪ್ಚಾ ಒಬ್ಬರು ಭುಟಿಯಾ ಒಬ್ಬರೊಡನೆ ಮಾತಿಗೆ ನಿಂತರೆ ನಡುವೆ ಬರುವುದು ನೇಪಾಳಿ. ಇದು ಹಿಂದಿಯಂತೆ ಇಂಡೋ–ಆರ್ಯನ್ ಭಾಷೆ. ಕುಮಾವೂನಿ, ಗಢವಾಲಿಗಳ ಬಂಧು. ಆದರೆ ಅದನ್ನಾಡುವ ರೈ, ಗುರುಂಗ್, ಮಗರ್, ತಮಾಂಗ್, ನೇವಾರ್ ಜನರ ಹಳೆಯ ನುಡಿಗಳು ಟಿಬೆಟೊ–ಬರ್ಮನ್ ಕುಟುಂಬದವು. ನಿಮ್ಮ ಸಹೋದ್ಯೋಗಿಯ ಮುತ್ತಜ್ಜಿ ಬಹುಶಃ ಬಾಂತಾವಾ ಅಥವಾ ಅಂಥದೇ ಒಂದು ಕಿರಾತಿ ನುಡಿ ಆಡುತ್ತಿದ್ದಿರಬೇಕು. ‘ರೈ ಭಾಷೆ’ ಎಂಬುದೂ ಒಂದೇ ಭಾಷೆಯಲ್ಲ, ಒಂದು ದೊಡ್ಡ ಗೊಂಚಲು.

ಎಷ್ಟು ನುಡಿ ಉಳಿದಿದೆ, ಎಷ್ಟು ಕರಗಿದೆ ಎಂಬುದನ್ನು ಅಳೆಯಲು ಜನಗಣತಿಯ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟರೆ ಸಾಕು. 2011ರಲ್ಲಿ ಸಿಕ್ಕಿಂನಲ್ಲಿ ಲೆಪ್ಚಾ ಪಂಗಡದವರು ಸುಮಾರು 43 ಸಾವಿರ, ಲೆಪ್ಚಾ ತಾಯ್ನುಡಿ ಎಂದವರು 38 ಸಾವಿರ. ಲಿಂಬುಗಳು 54 ಸಾವಿರ, ಲಿಂಬು ನುಡಿಯವರು 38–39 ಸಾವಿರ. ತಮಾಂಗರು 38 ಸಾವಿರ, ತಮಾಂಗ್ ನುಡಿಯವರು 12 ಸಾವಿರಕ್ಕೂ ಕಡಿಮೆ. ‘ಸಾಯುತ್ತಿರುವ ಭಾಷೆ’ ಎಂದು ಎಲ್ಲರೂ ಲೆಪ್ಚಾವನ್ನು ಹಿಡಿದು ಮರುಗುತ್ತಾರೆ. ಪಟ್ಟಿ ಬೇರೆಯದನ್ನೇ ಹೇಳುತ್ತದೆ: ಮೂವರು ತಮಾಂಗರಲ್ಲಿ ಇಬ್ಬರು ಆಗಲೇ ದಾಟಿ ಹೋಗಿದ್ದಾರೆ, ಲೆಪ್ಚಾಗಳು ಹೆಚ್ಚೂಕಡಿಮೆ ನಿಂತಿದ್ದಾರೆ. ಒಂದು ಎಚ್ಚರಿಕೆ ಮಾತ್ರ ಬೇಕು. ತಾಯ್ನುಡಿ ಎಂದು ಬರೆಸುವುದು ಬೇರೆ, ಮನೆಯಲ್ಲಿ ಮಕ್ಕಳೊಡನೆ ಆಡುವುದು ಬೇರೆ. ಗ್ಯಾಂಗ್ಟಾಕ್‌ನಲ್ಲಿ ಬೆಳೆದ ಎಷ್ಟೋ ಲೆಪ್ಚಾ, ಭುಟಿಯಾ ಯುವಕರು ಅಭಿಮಾನದಿಂದ ಬರೆಸುತ್ತಾರೆ, ಮಾತಾಡುವಾಗ ನೇಪಾಳಿಗೆ ಜಾರುತ್ತಾರೆ. ಇದರಲ್ಲಿ ಕೊಡಗಿನವರಿಗೂ ತುಳುನಾಡಿನವರಿಗೂ ಹೊಸದೇನೂ ಕಾಣಲಿಕ್ಕಿಲ್ಲ.

ಲೆಪ್ಚಾ ನುಡಿ ನಿಂತಿರುವುದಕ್ಕೆ ಜೋಂಗುವಿನಂಥ ಮೀಸಲು ನೆಲ ಒಂದು ಕಾರಣ, ಸ್ವಂತ ಲಿಪಿ ಇನ್ನೊಂದು. ಆ ಲಿಪಿಯನ್ನು ಮೂರನೆಯ ಚೋಗ್ಯಾಲ್ ಚಾಗ್ದೊರ್ ನಾಮ್ಗ್ಯಾಲ್‌ನ ಕಾಲಕ್ಕೆ, ಅಂದರೆ 1700ರ ಆಸುಪಾಸಿಗೆ ಹಚ್ಚುವುದು ರೂಢಿ. ಲಿಂಬುಗಳಿಗೂ ಸಿರಿಜುಂಗಾ ಎಂಬ ತಮ್ಮದೇ ಲಿಪಿ ಇದೆ. ಸರ್ಕಾರವೂ ಕೈಕಟ್ಟಿ ಕುಳಿತಿಲ್ಲ. 1977ರಲ್ಲಿ ನೇಪಾಳಿ, ಭುಟಿಯಾ, ಲೆಪ್ಚಾಗಳನ್ನು ರಾಜ್ಯಭಾಷೆಗಳೆಂದು ಘೋಷಿಸಿತು. 1981ರಲ್ಲಿ ಲಿಂಬು ಸೇರಿತು. 1990ರ ದಶಕದಲ್ಲಿ ನೇವಾರ್, ರೈ, ಗುರುಂಗ್, ಮಗರ್, ಶೆರ್ಪಾ, ತಮಾಂಗ್, ಸುನುವಾರ್ ಸೇರಿದವು. ಇಂಗ್ಲಿಷ್ ಬಿಟ್ಟು ಹನ್ನೊಂದು. ಸರ್ಕಾರದ ‘ಸಿಕ್ಕಿಂ ಹೆರಾಲ್ಡ್’ ಪತ್ರಿಕೆ ಈ ಸಣ್ಣ ನುಡಿಗಳಲ್ಲೂ ಅಚ್ಚಾಗುತ್ತದೆ. ಆರು ಲಕ್ಷ ಜನರಿಗೆ ಇಷ್ಟೊಂದು ಭಾಷೆಗಳೇ ಎಂದು ಮೂಗು ಮುರಿಯುವವರಿದ್ದಾರೆ. ಕೋಟಿ ಜನರ ಭಾಷೆಗಳು ಸರ್ಕಾರಿ ಮಾನ್ಯತೆಗಾಗಿ ದಶಕಗಟ್ಟಲೆ ಅರ್ಜಿ ಹಿಡಿದು ನಿಂತಿರುವ ದೇಶದಲ್ಲಿ ಇದು ನನಗೆ ಅತಿಯೆಂದು ಅನ್ನಿಸುವುದಿಲ್ಲ. ಆದರೆ ಮಾನ್ಯತೆ ಬಂದ ಕೂಡಲೇ ಮನೆಯಲ್ಲಿ ಮಾತು ಮರಳುವುದಿಲ್ಲ ಎಂಬುದನ್ನೂ ತಮಾಂಗ್ ಅಂಕಿ ತೋರಿಸುತ್ತಿದೆ.

ನೇಪಾಳಿ ಭಾಷೆ ಸಂವಿಧಾನದ ಎಂಟನೇ ಅನುಸೂಚಿಗೆ ಸೇರಿದ್ದು 1992ರಲ್ಲಿ, 71ನೇ ತಿದ್ದುಪಡಿಯಿಂದ. ಅದೇ ತಿದ್ದುಪಡಿಯಲ್ಲಿ ನಮ್ಮ ಕರಾವಳಿಯ ಕೊಂಕಣಿಯೂ, ಮಣಿಪುರಿಯೂ ಸೇರಿದವು. ಆ ಹೋರಾಟದ ಮುಂದಾಳುಗಳಲ್ಲಿ ಆಗಿನ ಮುಖ್ಯಮಂತ್ರಿ ನರ ಬಹಾದ್ದೂರ್ ಭಂಡಾರಿ ಮತ್ತು ಸಂಸದೆ ದಿಲ್ ಕುಮಾರಿ ಭಂಡಾರಿ ಇದ್ದರು. ನೇಪಾಳಿ ಮಾತಾಡುವ ಭಾರತೀಯರಿಗೆ ಅದು ಭಾಷೆಯ ಮರ್ಯಾದೆಯಷ್ಟೇ ಆಗಿರಲಿಲ್ಲ. ‘ನಾವು ಹೊರದೇಶದವರಲ್ಲ’ ಎಂಬುದಕ್ಕೆ ಸಿಕ್ಕ ಮುದ್ರೆಯಾಗಿತ್ತು.

ಧರ್ಮದ ವಿಷಯ ಚುಟುಕಾಗಿ ಹೇಳುತ್ತೇನೆ. 2011ರಲ್ಲಿ ಹಿಂದೂಗಳು ಶೇ 57.8, ಬೌದ್ಧರು ಶೇ 27.4, ಕ್ರೈಸ್ತರು ಶೇ 9.9, ಮುಸ್ಲಿಮರು ಶೇ 1.6. ‘ನೇಪಾಳಿ ಎಂದರೆ ಹಿಂದೂ, ಉಳಿದವರು ಬೌದ್ಧರು’ ಎಂಬ ಪ್ರವಾಸಿ ಕೈಪಿಡಿಯ ಸಮೀಕರಣ ಮಾತ್ರ ಬೇಡ. ತಮಾಂಗರಲ್ಲಿ ಹೆಚ್ಚಿನವರು ಬೌದ್ಧರು, ಗುರುಂಗರಲ್ಲೂ ಬೌದ್ಧರಿದ್ದಾರೆ. ಲೆಪ್ಚಾಗಳಲ್ಲಿ ಕ್ರೈಸ್ತರು ಸಾಕಷ್ಟು. ಲಿಂಬುಗಳಲ್ಲಿ ಅನೇಕರು ಯುಮಾ ದೇವಿಯನ್ನು ನಂಬುವ ತಮ್ಮ ಧರ್ಮವನ್ನು ‘ಇತರೆ’ ಎಂಬ ಕಾಲಂನಲ್ಲಿ ಬರೆಸುತ್ತಾರೆ.

ಈ ಎಣಿಕೆಗೆ ಇಷ್ಟು ಬಿಸಿ ಏಕೆ? ಏಕೆಂದರೆ ಅಲ್ಲಿ ಯಾವ ಜನ ಎಂಬುದರ ಮೇಲೆ ಜಮೀನು, ಮತ, ತೆರಿಗೆ ಮೂರೂ ನಿಂತಿವೆ. ಭುಟಿಯಾ–ಲೆಪ್ಚಾಗಳ ಜಮೀನನ್ನು ಇತರರು ಕೊಳ್ಳುವಂತಿಲ್ಲ ಎಂಬ 1917ರ ಕಂದಾಯ ಆದೇಶ ಇಂದಿಗೂ ಜೀವಂತ. 1961ರಲ್ಲಿ ಚೋಗ್ಯಾಲ್ ಸರ್ಕಾರ ‘ಸಿಕ್ಕಿಂ ಪ್ರಜೆ’ ಯಾರೆಂದು ನಿಯಮ ಮಾಡಿ ದಾಖಲೆ ಪುಸ್ತಕ ಬರೆಸಿತು. ಅದರಲ್ಲಿ ಹಿರಿಯರ ಹೆಸರಿದ್ದ ಮನೆಗೂ ಇಲ್ಲದ ಮನೆಗೂ ಇವತ್ತಿಗೂ ವ್ಯತ್ಯಾಸವಿದೆ. ಅರಸೊತ್ತಿಗೆಯ ಕಾಲದ ರಾಜ್ಯ ಮಂಡಳಿಯಲ್ಲಿ ಭುಟಿಯಾ–ಲೆಪ್ಚಾಗಳಿಗೆ ಒಂದು ಪಾಲು, ನೇಪಾಳಿಗಳಿಗೆ ಸಮಪಾಲು ಎಂಬ ಸೂತ್ರವಿತ್ತು. ಮುಕ್ಕಾಲು ಪಾಲು ಜನರಿಗೆ ಅರ್ಧ ಸ್ಥಾನ ಎಂದರೆ ಸಹಿಸುವುದು ಕಷ್ಟ. 1973ರ ದಂಗೆಗೆ ಅದೂ ಒಂದು ಕಾರಣ. 1975ರ ಜನಮತ ಸಂಗ್ರಹದ ನಂತರ, ಮೇ 16ರಂದು ಸಿಕ್ಕಿಂ ಭಾರತದ 22ನೇ ರಾಜ್ಯವಾಯಿತು. ಹಳೆಯ ಕಾನೂನುಗಳನ್ನು ಕಾಯಲು ಸಂವಿಧಾನಕ್ಕೆ 371ಎಫ್ ವಿಧಿ ಸೇರಿತು.

ಈಗಿನ ವಿಧಾನಸಭೆಯಲ್ಲಿ 32 ಸ್ಥಾನ. ಹನ್ನೆರಡು ಭುಟಿಯಾ–ಲೆಪ್ಚಾಗಳಿಗೆ, ಎರಡು ಪರಿಶಿಷ್ಟ ಜಾತಿಗಳಿಗೆ, ಹದಿನೇಳು ಸಾಮಾನ್ಯ. ಉಳಿದ ಒಂದು ‘ಸಂಘ’ಕ್ಕೆ. ಈ ಕ್ಷೇತ್ರಕ್ಕೆ ನಕ್ಷೆಯಲ್ಲಿ ಜಾಗವೇ ಇಲ್ಲ. ರಾಜ್ಯದ ಮಾನ್ಯ ಬೌದ್ಧ ಮಠಗಳ ಭಿಕ್ಷುಗಳು, ಭಿಕ್ಷುಣಿಯರು ಮಾತ್ರ ಮತದಾರರು. ದೇಶದ ಬೇರೆ ಯಾವ ವಿಧಾನಸಭೆಯಲ್ಲೂ ಇಂಥದ್ದಿಲ್ಲ. ಇದನ್ನೂ ಭುಟಿಯಾ–ಲೆಪ್ಚಾ ಮೀಸಲನ್ನೂ ಪ್ರಶ್ನಿಸಿದ ಅರ್ಜಿಯನ್ನು ಸುಪ್ರೀಂ ಕೋರ್ಟ್ 1993ರಲ್ಲಿ ತಳ್ಳಿಹಾಕಿತು. ಲಿಂಬು, ತಮಾಂಗರು ಪಂಗಡದ ಪಟ್ಟಿಗೆ ಸೇರಿ ಇಪ್ಪತ್ತು ವರ್ಷ ದಾಟಿದರೂ ಅವರಿಗೆ ವಿಧಾನಸಭೆಯಲ್ಲಿ ಮೀಸಲು ಸ್ಥಾನ ಸಿಕ್ಕಿಲ್ಲ. ಅತ್ತ ರೈ, ಗುರುಂಗ್, ಮಗರ್ ಮುಂತಾದವರು ನಮ್ಮನ್ನೂ ಪಟ್ಟಿಗೆ ಸೇರಿಸಿ ಎನ್ನುತ್ತಿದ್ದಾರೆ. ಸೇರಿಸಿದ ದಿನ ನಿಮ್ಮ ಶೇ 34 ಮತ್ತೆ ಜಿಗಿಯುತ್ತದೆ, ಒಂದೇ ಒಂದು ಮಗು ಹೆಚ್ಚು ಹುಟ್ಟದೆಯೂ.

ತೆರಿಗೆಯ ಮಾತು. ‘ಸಿಕ್ಕಿಮೀಯರಿಗೆ’ ಆದಾಯ ತೆರಿಗೆ ವಿನಾಯಿತಿ ಇದೆ. ಆದರೆ 1975ಕ್ಕೂ ಮುಂಚೆ ನೆಲೆಸಿ, ಭಾರತೀಯ ಪೌರತ್ವ ಬಿಡದೆ ಉಳಿದ ಮಾರ್ವಾಡಿ, ಬಿಹಾರಿ ವ್ಯಾಪಾರಿ ಮನೆತನಗಳು ಅದರಿಂದ ಹೊರಗಿದ್ದವು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅವರಿಗೂ ವಿನಾಯಿತಿ ಕೊಟ್ಟಿತು. ತೀರ್ಪಿನಲ್ಲಿ ನೇಪಾಳಿಗಳನ್ನು ವಿದೇಶಿ ಮೂಲದವರೆಂದು ಸೂಚಿಸುವ ಸಾಲೊಂದು ನುಸುಳಿತ್ತು. ರಾಜ್ಯವೇ ಬೀದಿಗಿಳಿಯಿತು, ಮುಂದಿನ ತಿಂಗಳು ಕೋರ್ಟ್ ಆ ಸಾಲನ್ನು ತೆಗೆದುಹಾಕಿತು. ನೀವು ಸಹೋದ್ಯೋಗಿಯನ್ನು ಕೇಳಬೇಕೆಂದಿದ್ದ ಪ್ರಶ್ನೆ ಎಷ್ಟು ನವಿರಾದ ನರವನ್ನು ಮುಟ್ಟುತ್ತದೆ ಎಂದು ಈಗ ತಿಳಿದಿರಬೇಕು. ‘ನೇಪಾಳಿ’ ಎಂದರೆ ಅವರಿಗೆ ಅಡ್ಡಿಯಿಲ್ಲ. ‘ನೇಪಾಳದವರು’ ಎಂದರೆ ನೋವಾಗುತ್ತದೆ.

ಜನ ಎಲ್ಲೆಲ್ಲಿ ಹರಡಿದ್ದಾರೆ ಎಂಬುದನ್ನು ತಿಳಿಯದೆ ಈ ಅಂಕಿಗಳು ಅರ್ಧಂಬರ್ಧ. ರಾಜ್ಯದ ವಿಸ್ತೀರ್ಣ 7,096 ಚದರ ಕಿಲೋಮೀಟರ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು, 4,226 ಚದರ ಕಿಲೋಮೀಟರ್, ಹಿಂದಿನ ಉತ್ತರ ಜಿಲ್ಲೆ, ಈಗಿನ ಮಂಗನ್. 2011ರಲ್ಲಿ ಅಲ್ಲಿದ್ದವರು 43,709 ಮಂದಿ ಮಾತ್ರ. ಗ್ಯಾಂಗ್ಟಾಕ್ ನಗರ ಒಂದರಲ್ಲೇ ಲಕ್ಷ ಜನ. ಉತ್ತರದ ಲಾಚೆನ್, ಲಾಚುಂಗ್ ಕಣಿವೆಗಳಲ್ಲಿ ಪಂಚಾಯಿತಿಯ ಬದಲು ಜುಮ್ಸಾ ಎಂಬ ಹಳೆಯ ಸಭೆ ನಡೆಯುತ್ತದೆ. ಊರವರೇ ಆರಿಸಿದ ಪಿಪೋನ್ ಅದರ ಮುಖ್ಯಸ್ಥ, ಸರ್ಕಾರವೂ ಅದನ್ನು ಒಪ್ಪಿದೆ. ಇಡೀ ರಾಜ್ಯದಲ್ಲಿ ಸಾವಿರ ಗಂಡಸರಿಗೆ 890 ಹೆಂಗಸರು. ಹೆಣ್ಣು ಭ್ರೂಣಹತ್ಯೆ ಎಂದು ತೀರ್ಮಾನಿಸಬೇಡಿ: ಆರು ವರ್ಷದೊಳಗಿನ ಮಕ್ಕಳಲ್ಲಿ ಅನುಪಾತ 957, ನಮ್ಮ ರಾಜ್ಯದ್ದಕ್ಕಿಂತ ಚೆನ್ನಾಗಿದೆ. ಲೆಕ್ಕ ಓರೆಯಾಗುವುದು ಗಡಿಯ ಸೈನಿಕರಿಂದ, ಜಲವಿದ್ಯುತ್ ಯೋಜನೆ ಮತ್ತು ರಸ್ತೆ ಕೆಲಸಕ್ಕೆ ಬಯಲುಸೀಮೆಯಿಂದ ಒಂಟಿಯಾಗಿ ಬರುವ ಗಂಡಸರಿಂದ. ಹಿಂದಿ ತಾಯ್ನುಡಿಯವರು ಸುಮಾರು ಶೇ 8 ಇರುವುದಕ್ಕೂ ಇಂಥ ವಲಸೆ ಒಂದು ಕಾರಣ.

ನೀವು ಕೇಳದ ಒಂದು ವಿಷಯ ಹೇಳದೆ ಬಿಟ್ಟರೆ ಚಿತ್ರ ಹಳೆಯದಾಗುತ್ತದೆ. 1971ರಿಂದ 1981ರ ನಡುವೆ ಶೇ 50ರಷ್ಟು ಬೆಳೆದಿದ್ದ ಸಿಕ್ಕಿಂನ ಜನಸಂಖ್ಯೆ, 2001–2011ರಲ್ಲಿ ಬೆಳೆದದ್ದು ಶೇ 12.9, ದೇಶದ ಸರಾಸರಿಗಿಂತ ಕಡಿಮೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಬ್ಬ ಮಹಿಳೆಗೆ ಸರಾಸರಿ ಮಕ್ಕಳು 1.1. ಇದು ದೇಶದಲ್ಲೇ ಅತಿ ಕಡಿಮೆ. ಜನಸಂಖ್ಯೆ ಸ್ಥಿರವಾಗಿರಲು ಬೇಕಾದ 2.1ರ ಅರ್ಧ. 2023ರಲ್ಲಿ ಮುಖ್ಯಮಂತ್ರಿ ಪ್ರೇಮ್ ಸಿಂಗ್ ತಮಾಂಗ್ ಎರಡನೇ ಮಗುವಿಗೆ ಒಂದು, ಮೂರನೇ ಮಗುವಿಗೆ ಎರಡು ವೇತನ ಬಡ್ತಿಗಳನ್ನು ಸರ್ಕಾರಿ ನೌಕರಿಯ ಮಹಿಳೆಯರಿಗೆ ಘೋಷಿಸಿದರು. ತಾಯಂದಿರಿಗೆ ವರ್ಷದ ರಜೆ, ತಂದೆಯರಿಗೆ ತಿಂಗಳ ರಜೆ, ಮಕ್ಕಳಾಗದವರಿಗೆ ಐವಿಎಫ್ ನೆರವು. ನಲವತ್ತು ಸಾವಿರ ಜನರ ಸಮುದಾಯಕ್ಕೆ 1.1 ಎಂಬ ಅಂಕಿ ಆರು ಕೋಟಿಯ ಕರ್ನಾಟಕಕ್ಕಿಂತ ಬೇರೆ ರೀತಿ ಕೇಳಿಸುತ್ತದೆ, ಹಾಗಾಗಿ ಸರ್ಕಾರದ ಆತುರ ನನಗೆ ಅರ್ಥವಾಗುತ್ತದೆ. ಆದರೆ ಬಡ್ತಿ ಕೊಟ್ಟು ತೊಟ್ಟಿಲು ತುಂಬಿಸಬಹುದೆಂಬುದರಲ್ಲಿ ನನಗೆ ನಂಬಿಕೆ ಕಡಿಮೆ. ಓದಿದ ಹುಡುಗ ಹುಡುಗಿಯರು ಕೆಲಸಕ್ಕೆಂದು ದೆಹಲಿ, ಬೆಂಗಳೂರಿಗೆ ಇಳಿಯುತ್ತಿದ್ದಾರೆ, ಮದುವೆ ಮುಂದಕ್ಕೆ ಹೋಗುತ್ತಿದೆ. ಅಂಥವರಿಗೆ ಗ್ಯಾಂಗ್ಟಾಕ್ ಸರ್ಕಾರದ ವೇತನ ಬಡ್ತಿ ಅನ್ವಯಿಸುವುದೇ ಇಲ್ಲ.